ಹದಿನೈದು ಸಾವಿರ ಚೀಟಿಗಳ ಪುಟ: ಪಿಎಚ್‌ಪಿಯಲ್ಲಿ ಸ್ಟ್ರಿಂಗ್ ಕಟ್ಟುವ ಕೆಲಸದ ರಿಪೇರಿ

ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ದಿನವೂ ತೆರೆಯುವ ಪುಟ ಇದು. ಹಂಗಾಮು ಶುರುವಾದಾಗಿನಿಂದ ಕಾಟಾ ದಾಟಿದ ಪ್ರತಿ ಗಾಡಿಯ ಚೀಟಿ ಊರುವಾರು ಇದರಲ್ಲಿ ಬರುತ್ತದೆ. ಚೀಟಿ ನಂಬರ್, ತಾರೀಖು, ರೈತರ ಕೋಡ್, ಹೆಸರು, ಊರು, ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, ನಿವ್ವಳ ತೂಕ ಹೀಗೆ ಒಂಬತ್ತು ಕಾಲಂ. ನವೆಂಬರ್‌ನಲ್ಲಿ ಒತ್ತಿದ ಕೂಡಲೇ ತೆರೆಯುತ್ತಿದ್ದ ಪುಟ ಜನವರಿ ಹೊತ್ತಿಗೆ ತಡವರಿಸತೊಡಗಿತು. ಫೆಬ್ರವರಿಯಲ್ಲಿ ಚೀಟಿಗಳು ಹದಿನೈದು ಸಾವಿರ ಮುಟ್ಟಿದಾಗ ಬರೀ 504 ಗೇಟ್‌ವೇ ಟೈಮ್‌ಔಟ್ (ಉತ್ತರ ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂಬ ದೋಷ) ಬರಲು ಶುರುವಾಯಿತು. ಕೋಡ್ ಯಾರೂ ಮುಟ್ಟಿರಲಿಲ್ಲ, ಸರ್ವರ್ ಕೂಡ ಅದೇ ಇತ್ತು. ಬದಲಾದದ್ದು ಸಾಲುಗಳ ಲೆಕ್ಕ ಒಂದೇ.

ಯಂತ್ರದಲ್ಲಿ ಉಬುಂಟು 22.04, ಪುಟ ಬರೆದಿರುವ ಭಾಷೆ ಅದರ ಜೊತೆ ಬರುವ ಪಿಎಚ್‌ಪಿ 8.1, ಅದನ್ನು ಓಡಿಸಲು ಎಫ್‌ಪಿಎಂ, ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್, ಹಿಂದೆ ಡೇಟಾಬೇಸ್ ಮೈಎಸ್‌ಕ್ಯೂಎಲ್. ಈ ಮೊದಲು ಆಗಿದ್ದ ರಿಪೇರಿ ಎಂದರೆ ಸಮಯದ ಮಿತಿ ಏರಿಸಿದ್ದು: ಪಿಎಚ್‌ಪಿಯ 30 ಸೆಕೆಂಡ್ ಮಿತಿಯನ್ನು 300ಕ್ಕೆ, ಎಂಜಿನ್‌ಎಕ್ಸ್ ಪಿಎಚ್‌ಪಿಯ ಉತ್ತರಕ್ಕೆ ಕಾಯುವ 60 ಸೆಕೆಂಡ್‌ಗಳನ್ನು ಕೂಡ 300ಕ್ಕೆ. ಅದರಿಂದ ಕೆಲವು ವಾರ ಪುಟ ನಡೆಯಿತು. ಜೊತೆಗೆ ಒಂದೊಂದು ಕೋರಿಕೆಯೂ ಒಂದು ಎಫ್‌ಪಿಎಂ ಪ್ರಕ್ರಿಯೆಯನ್ನು ನಿಮಿಷಗಟ್ಟಲೆ ಹಿಡಿದಿಟ್ಟು, ಕಾಟಾ ಬಳಿ ಚೀಟಿ ಹರಿಯುವ ಪುಟವೂ ನಿಧಾನವಾಯಿತು. ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಇದನ್ನು ಸಹಿಸಿಕೊಳ್ಳಲು ಆಗುವುದಿಲ್ಲ. ಮಿತಿ ಏರಿಸುವುದಕ್ಕೂ ಮೊದಲು ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಅಳೆಯಬೇಕಿತ್ತು.

ಮೊದಲ ಅಳತೆ

ಡೇಟಾಬೇಸನ್ನೂ ಸ್ಟ್ರಿಂಗ್ (ಪುಟದ ಅಕ್ಷರಗಳ ಸರಪಳಿ) ಕಟ್ಟುವ ಕೆಲಸವನ್ನೂ ಬೇರೆ ಬೇರೆಯಾಗಿ ಅಳೆಯುವುದು ಮೊದಲ ಹೆಜ್ಜೆ. ಎಚ್‌ಆರ್‌ಟೈಮ್ ಫಂಕ್ಷನ್ ನ್ಯಾನೊಸೆಕೆಂಡ್‌ಗಳಲ್ಲಿ ಹೊತ್ತು ಕೊಡುತ್ತದೆ. ಅದನ್ನು ಮೂರು ಕಡೆ ಕೂರಿಸಿದರೆ ಸಾಕು: ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಮುಂಚೆ, ಎಲ್ಲ ಸಾಲು ಕೈಗೆ ಬಂದ ಮೇಲೆ, ಪುಟ ಕಟ್ಟಿ ಮುಗಿದ ಮೇಲೆ. ಇಲ್ಲಿ ಕ್ವೆರಿ ಚೆನ್ನಾಗಿಯೇ ಇತ್ತು, ಇಂಡೆಕ್ಸ್ ಸರಿಯಾಗಿತ್ತು. ಹೊತ್ತೆಲ್ಲ ಎರಡನೇ ಭಾಗ ತಿನ್ನುತ್ತಿತ್ತು.

ಆಮೇಲೆ ಅದೇ ಪುಟವನ್ನು 2,500, 5,000, 10,000 ಸಾಲುಗಳಿಗೆ ಓಡಿಸಬೇಕು. ಸಾಲು ಇಮ್ಮಡಿಯಾದಾಗ ಹೊತ್ತೂ ಇಮ್ಮಡಿಯಾದರೆ ಕೆಲಸ ನೇರ ಲೆಕ್ಕದಲ್ಲಿದೆ, ಪ್ರತಿ ಸಾಲಿನ ಒಳಗಿನ ಖರ್ಚು ಹುಡುಕಬೇಕು. ಹೊತ್ತು ನಾಲ್ಕು ಪಟ್ಟಾದರೆ ಎಲ್ಲೋ ಒಂದು ಕಡೆ ಪ್ರತಿ ಸಾಲಿಗೂ ಹಿಂದಿನದ್ದೆಲ್ಲ ಮತ್ತೆ ನಕಲಾಗುತ್ತಿದೆ. ಇಲ್ಲಿ ಆಗುತ್ತಿದ್ದದ್ದು ನಾಲ್ಕು ಪಟ್ಟು. ನವೆಂಬರ್‌ನಲ್ಲಿ ಸುಮ್ಮನಿದ್ದ ದೋಷ ಫೆಬ್ರವರಿಯಲ್ಲಿ ಎದ್ದು ಕೂರಲು ಕಾರಣ ಇದೇ.

ಪರೀಕ್ಷೆಯನ್ನು ಕಮಾಂಡ್ ಲೈನ್‌ನಲ್ಲಿ ಮಾಡುವವರು ಎರಡು ವಿಷಯ ನೋಡಿಕೊಳ್ಳಬೇಕು. ಅಲ್ಲಿ ಸಮಯದ ಮಿತಿ ಇರುವುದಿಲ್ಲ, ಉಬುಂಟುವಿನ ಪ್ಯಾಕೇಜ್‌ನಲ್ಲಿ ಮೆಮೊರಿ ಮಿತಿಯೂ ಇರುವುದಿಲ್ಲ. ಕೋಡನ್ನು ಸಿದ್ಧ ರೂಪದಲ್ಲಿ ಇಟ್ಟುಕೊಳ್ಳುವ ಆಪ್‌ಕ್ಯಾಶ್ ಕೂಡ ಕಮಾಂಡ್ ಲೈನ್‌ಗೆ ಬೇರೆಯಾಗಿ ಚಾಲೂ ಮಾಡದಿದ್ದರೆ ಬಂದ್ ಇರುತ್ತದೆ. ಅಲ್ಲಿ ಓಡಿತು ಎಂದ ಮಾತ್ರಕ್ಕೆ ಎಫ್‌ಪಿಎಂನಲ್ಲೂ ಓಡುತ್ತದೆ ಎಂದುಕೊಳ್ಳಬಾರದು.

ಸ್ಟ್ರಿಂಗನ್ನು ಇನ್ನಾರು ಹಿಡಿದಿದ್ದಾರೆ?

ಪಿಎಚ್‌ಪಿಯಲ್ಲಿ ವೇರಿಯಬಲ್, ಫಂಕ್ಷನ್‌ಗಳ ಹೆಸರನ್ನು ಕನ್ನಡದಲ್ಲಿಯೇ ಇಡಬಹುದು, ಎಂಜಿನ್ ಒಪ್ಪಿಕೊಳ್ಳುತ್ತದೆ. ಹಾಗಾಗಿ ಹಳೆಯ ಲೂಪಿನ ಒಳಗಿನ ಎರಡು ಸಾಲನ್ನು ಇಲ್ಲಿ ಕನ್ನಡ ಹೆಸರಿನಲ್ಲೇ ಬರೆದಿದೆ:

$ಹಿಂದಿನದು = $ಪುಟ;
$ಪುಟ = ಸಾಲು_ಸೇರಿಸು($ಪುಟ, $ಚೀಟಿ);

ಸಾಲು_ಸೇರಿಸು ಫಂಕ್ಷನ್‌ನ ಒಳಗೆ ಒಂಬತ್ತು ಕಾಲಂಗಳಿಗೆ ಒಂಬತ್ತು ಸಲ `$ಪುಟ .= …` (ಪುಟದ ತುದಿಗೆ ಸೇರಿಸು) ಇತ್ತು, ಕೊನೆಗೆ $ಪುಟವನ್ನೇ ವಾಪಸ್ ಕೊಡುತ್ತಿತ್ತು. ನಿವ್ವಳ ತೂಕ ಸೊನ್ನೆ ಬಂದರೆ, ಅಂದರೆ ಚೀಟಿ ರದ್ದಾಗಿದ್ದರೆ, $ಹಿಂದಿನದನ್ನು ಮತ್ತೆ $ಪುಟಕ್ಕೆ ಹಾಕಿ ಆ ಸಾಲನ್ನು ಅಳಿಸುತ್ತಿತ್ತು. ಓದಲು ಸರಳ ಕೋಡ್, ತಪ್ಪು ಕಣ್ಣಿಗೆ ಬೀಳುವುದಿಲ್ಲ.

`.=` ಎಂಬುದು ಪಿಎಚ್‌ಪಿಯಲ್ಲಿ ತಾನಾಗಿ ದುಬಾರಿ ಅಲ್ಲ. ಎಂಜಿನ್‌ನ ಒಳಗೆ ಪ್ರತಿ ಸ್ಟ್ರಿಂಗ್‌ಗೆ 24 ಬೈಟ್‌ನ ತಲೆಭಾಗ ಇರುತ್ತದೆ. ಅದರಲ್ಲಿ ಉದ್ದ ಇರುತ್ತದೆ, ಹ್ಯಾಶ್ ಇರುತ್ತದೆ, ಜೊತೆಗೆ ಈ ಸ್ಟ್ರಿಂಗನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ, ಅಂದರೆ ರೆಫ್‌ಕೌಂಟ್ ಇರುತ್ತದೆ. `.=` ಬಂದಾಗ ಎಂಜಿನ್ ಮೊದಲು ನೋಡುವುದು ಈ ಎಣಿಕೆಯನ್ನು. ಅದು 1 ಇದ್ದರೆ ಸ್ಟ್ರಿಂಗ್ ಇದ್ದಲ್ಲಿಯೇ ಜಾಗ ಹಿಗ್ಗಿಸಿಕೊಳ್ಳಲು ಪ್ರಯತ್ನಿಸುತ್ತದೆ. ಬಹಳಷ್ಟು ಸಲ ಹಳೆಯದನ್ನು ಮುಟ್ಟದೆ ಹೊಸ ತುಂಡನ್ನಷ್ಟೇ ತುದಿಗೆ ಬರೆದರೆ ಮುಗಿಯಿತು. ಎಣಿಕೆ 2 ಅಥವಾ ಹೆಚ್ಚಿದ್ದರೆ ಬೇರೆಯವರ ಕೈಯಲ್ಲಿರುವುದನ್ನು ತಿದ್ದುವ ಹಾಗಿಲ್ಲ. ಹೊಸ ಜಾಗ ಪಡೆದು, ಇದ್ದದ್ದನ್ನೆಲ್ಲ ನಕಲು ಮಾಡಿ, ಆಮೇಲೆ ತುಂಡು ಸೇರಿಸುತ್ತದೆ.

ಮೇಲಿನ ಎರಡು ಸಾಲಿನಲ್ಲಿ ಒಂದೇ ಸ್ಟ್ರಿಂಗನ್ನು ಮೂವರು ಹಿಡಿದಿದ್ದಾರೆ: ಹೊರಗಿನ $ಪುಟ, $ಹಿಂದಿನದು, ಫಂಕ್ಷನ್‌ನ ಒಳಗಿನ $ಪುಟ. ಹೀಗಾಗಿ ಫಂಕ್ಷನ್ ಒಳಗಿನ ಮೊದಲ `.=` ಪೂರ್ತಿ ಪುಟವನ್ನು ನಕಲು ಮಾಡುತ್ತದೆ. ಉಳಿದ ಎಂಟು ಹೊಸ ನಕಲಿನ ಮೇಲೆ ನಡೆಯುವುದರಿಂದ ಅಗ್ಗ. ಒಟ್ಟಿನಲ್ಲಿ ಸಾಲಿಗೊಂದು ಪೂರ್ತಿ ನಕಲು.

ಲೆಕ್ಕ ಹಾಕಿ ನೋಡಿದರೆ ಇದರ ಭಾರ ತಿಳಿಯುತ್ತದೆ. ಒಂದು ಸಾಲು ಟ್ಯಾಗ್‌ಗಳೂ ಸೇರಿ ಸುಮಾರು 480 ಬೈಟ್. 15,000 ಸಾಲಿನ ಪುಟ 72 ಲಕ್ಷ ಬೈಟ್, ಅಂದರೆ 7.2 ಎಂಬಿ. ಸಾಲು ಸಾಲಿಗೂ ಹಿಂದಿನದ್ದೆಲ್ಲ ನಕಲಾದರೆ ಒಟ್ಟು ನಕಲು 480 ಗುಣಿಸು 15,000 ಗುಣಿಸು 15,000, ಅದರ ಅರ್ಧ: 54 ಜಿಬಿ. 7.2 ಎಂಬಿ ಪುಟಕ್ಕೆ 54 ಜಿಬಿ ಹೊರೆ. 7,500 ಸಾಲಿದ್ದಾಗ ಇದೇ ಲೆಕ್ಕ 13.5 ಜಿಬಿ ಮಾತ್ರ ಆಗುತ್ತಿತ್ತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಪಿಎಚ್‌ಪಿಯ ಮೆಮೊರಿ ವ್ಯವಸ್ಥೆ 2 ಎಂಬಿ ಕಟ್ಟುಗಳಲ್ಲಿ ಜಾಗ ಇಟ್ಟುಕೊಂಡಿರುತ್ತದೆ. ಅದಕ್ಕಿಂತ ದೊಡ್ಡ ಸ್ಟ್ರಿಂಗ್ ಬೇಕಾದಾಗ ನೇರವಾಗಿ ಆಪರೇಟಿಂಗ್ ಸಿಸ್ಟಂನಿಂದ ಜಾಗ ಕೇಳುತ್ತದೆ, ಬಿಟ್ಟಾಗ ಅಲ್ಲಿಗೇ ಮರಳಿಸುತ್ತದೆ. ಈ ಪುಟ ಸುಮಾರು 4,400ನೇ ಸಾಲಿಗೆ 2 ಎಂಬಿ ದಾಟುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಾಲಿಗೂ ನಕಲಿನ ಖರ್ಚಿನ ಜೊತೆಗೆ ಜಾಗ ಕೇಳುವ, ಮರಳಿಸುವ ಖರ್ಚೂ ಕೂಡುತ್ತದೆ.

4, 3, 2

ಹಿಡಿದವರನ್ನು ಎಣಿಸಲು ಡೀಬಗ್_ಝಡ್‌ವ್ಯಾಲ್_ಡಂಪ್ ಎಂಬ ಫಂಕ್ಷನ್ ಇದೆ. ಅದು ಸ್ಟ್ರಿಂಗ್‌ನ ಜೊತೆ ರೆಫ್‌ಕೌಂಟನ್ನೂ ತೋರಿಸುತ್ತದೆ. ಅದಕ್ಕೆ ಕೊಡುವಾಗ ಅದೂ ಒಬ್ಬ ಹಿಡಿದವನಾಗುವುದರಿಂದ ತೋರಿಸಿದ ಸಂಖ್ಯೆಯಲ್ಲಿ ಒಂದನ್ನು ಕಳೆಯಬೇಕು. 2 ಎಂದು ಬಂದರೆ ನಿಜಕ್ಕೂ ಒಬ್ಬರೇ ಇದ್ದಾರೆ. ಇಡೀ ಸ್ಟ್ರಿಂಗನ್ನೂ ಪರದೆಗೆ ಬರೆಯುತ್ತದೆ ಎಂಬ ಕಾರಣಕ್ಕೆ ಪಟ್ಟಿಯ ಮೂರನೇ ಚೀಟಿಯ ಸಾಲಿನಲ್ಲಿ ಒಂದು ಸಲ ಮಾತ್ರ ಕರೆಯುವುದು ಒಳ್ಳೆಯದು. ಮೊದಲನೇ ಸಾಲಿನಲ್ಲಿ ಕರೆದರೆ $ಪುಟ ಇನ್ನೂ ಖಾಲಿ ಸ್ಟ್ರಿಂಗ್ ಆಗಿರುತ್ತದೆ. ಕೋಡ್‌ನಲ್ಲಿ ಬರೆದ ಅಂಥ ಸ್ಥಿರ ಸ್ಟ್ರಿಂಗ್‌ಗಳಿಗೆ ಎಂಜಿನ್ ಎಣಿಕೆ ಇಡುವುದಿಲ್ಲ.

ಫಂಕ್ಷನ್‌ನ ಒಳಗೆ, ಮೊದಲ `.=`ಗೆ ಮುಂಚೆ ಇಟ್ಟಾಗ ಬಂದದ್ದು 4.

ಮೊದಲು ಮಾಡಿದ ತಿದ್ದುಪಡಿ ಒಂದೇ ಅಕ್ಷರದ್ದು. ಫಂಕ್ಷನ್‌ನ ಮೊದಲ ಪ್ಯಾರಾಮೀಟರ್ ಮುಂದೆ `&` ಹಾಕಿ, ಪುಟವನ್ನು ರೆಫರೆನ್ಸ್ ಆಗಿ (ಹೊರಗಿನ ವೇರಿಯಬಲನ್ನೇ ಒಳಗೂ ಬಳಸುವಂತೆ) ಕಳಿಸಿ, ವಾಪಸ್ ಪಡೆಯುವುದನ್ನು ಬಿಟ್ಟದ್ದು. ಎಣಿಕೆ 3ಕ್ಕೆ ಇಳಿಯಿತು. ಆದರೆ ಹೊತ್ತು ಮಾತ್ರ ಇಳಿಯಲಿಲ್ಲ, ಸಾಲು ಇಮ್ಮಡಿಯಾದರೆ ಹೊತ್ತು ನಾಲ್ಕು ಪಟ್ಟು ಎಂಬುದು ಹಾಗೆಯೇ ಉಳಿಯಿತು. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ: ತಿದ್ದಿದರೂ ಫಲ ಸಿಗಲಿಲ್ಲ ಎಂದು ತಿದ್ದುಪಡಿ ಹಿಂದಕ್ಕೆ ತೆಗೆದು ಬೇರೆಲ್ಲೋ ಹುಡುಕಲು ಹೋಗುತ್ತಾರೆ. ಮೂವರಲ್ಲಿ ಒಬ್ಬರನ್ನು ಬಿಡಿಸಿದರೆ ಇಬ್ಬರು ಉಳಿಯುತ್ತಾರೆ. ನಕಲು ತಪ್ಪಬೇಕಾದರೆ ಒಬ್ಬರೇ ಉಳಿಯಬೇಕು.

ಉಳಿದವನು $ಹಿಂದಿನದು. ರದ್ದಾದ ಚೀಟಿಯನ್ನು ಕಟ್ಟಿ ಆಮೇಲೆ ಅಳಿಸುವ ಬದಲು, ನಿವ್ವಳ ತೂಕ ಸೊನ್ನೆ ಇರುವ ಸಾಲುಗಳನ್ನು ಕ್ವೆರಿಯಲ್ಲಿಯೇ ಬಿಟ್ಟುಬಿಟ್ಟರೆ ಆ ವೇರಿಯಬಲ್ ಬೇಕಾಗುವುದೇ ಇಲ್ಲ. ಕಟ್ಟಿದ್ದನ್ನು ಹಿಂದಕ್ಕೆ ತೆಗೆಯಲೇಬೇಕಾದ ಕಡೆ ಸ್ಟ್ರಿಂಗನ್ನು ಉಳಿಸಿಕೊಳ್ಳದೆ ಅದರ ಉದ್ದವನ್ನು ಬರೆದಿಟ್ಟುಕೊಳ್ಳಬೇಕು. ಉದ್ದ ತಲೆಭಾಗದಲ್ಲಿಯೇ ಇರುವುದರಿಂದ ಕೇಳಲು ಖರ್ಚಿಲ್ಲ, ಬೇಕಾದಾಗ ಅಷ್ಟಕ್ಕೆ ಕತ್ತರಿಸಬಹುದು. ಇದಾದ ಮೇಲೆ ಎಣಿಕೆ 2 ಬಂತು, ಹೊತ್ತು ನೇರ ಲೆಕ್ಕಕ್ಕೆ ಬಂತು.

`&` ಗುರುತನ್ನು ಆಮೇಲೆ ತೆಗೆದುಹಾಕಿದೆ. ಹೊರಗಿನ ವೇರಿಯಬಲನ್ನು ಒಳಗಿನಿಂದ ತಿದ್ದುವ ಫಂಕ್ಷನ್ ಮುಂದೆ ಬರುವವರಿಗೆ ತೊಡಕು. ತನ್ನ ಸಾಲನ್ನಷ್ಟೇ ಕಟ್ಟಿ ಕೊಡುವ ಫಂಕ್ಷನ್ ಇದ್ದರೆ ಪರೀಕ್ಷಿಸುವುದೂ ಸುಲಭ:

$ಪುಟ .= ಸಾಲು($ಚೀಟಿ);

ಇದೇ ತರಹದ ಹಿಡಿತ ಬೇರೆ ರೂಪದಲ್ಲೂ ಬರುತ್ತದೆ. ಕ್ಲೋಷರ್ (ಹೊರಗಿನ ವೇರಿಯಬಲ್ ಹಿಡಿದಿಡುವ ಹೆಸರಿಲ್ಲದ ಫಂಕ್ಷನ್) ಒಂದು ಸ್ಟ್ರಿಂಗನ್ನು ಮೌಲ್ಯವಾಗಿ ಒಳಗೆಳೆದುಕೊಂಡಿದ್ದರೆ, ಲಾಗ್ ಬರೆಯುವ ಆಬ್ಜೆಕ್ಟ್ ಕೊನೆಯ ಸ್ಥಿತಿ ಎಂದು ಇಟ್ಟುಕೊಂಡಿದ್ದರೆ, ಗೆಟರ್‌ನಿಂದ ಪಡೆದು ಸೇರಿಸಿ ಸೆಟರ್‌ಗೆ ಕೊಡುತ್ತಿದ್ದರೆ, ಮೂರರಲ್ಲೂ ನಕಲು ಆಗುತ್ತದೆ.

ತಲೆಗೆ ಸೇರಿಸುವುದು

ಊರುವಾರು ಒಟ್ಟು ತೂಕ ಪುಟದ ಮೇಲ್ಭಾಗದಲ್ಲಿ ಬರಬೇಕಿತ್ತು. ಹಳೆಯ ಕೋಡ್ ಒಂದು ಊರಿನ ಚೀಟಿಗಳು ಮುಗಿದಾಗಲೆಲ್ಲ ಆ ಊರಿನ ಮೊತ್ತವನ್ನು ಪುಟದ ತಲೆಗೆ ಅಂಟಿಸುತ್ತಿತ್ತು:

$ಪುಟ = $ಊರಿನ_ಮೊತ್ತ . $ಪುಟ;

ತಲೆಗೆ ಸೇರಿಸಿದರೆ ರೆಫ್‌ಕೌಂಟ್ ಎಷ್ಟಿದ್ದರೂ ಇಡೀ ಸ್ಟ್ರಿಂಗ್ ನಕಲಾಗಲೇಬೇಕು. ಕೋಡ್ ಓದಿದವರು ಮೊದಲು ಬೆರಳು ತೋರಿಸುವುದು ಇಲ್ಲಿಗೇ. ಆದರೆ ಊರುಗಳು 85, ಸರಾಸರಿ ನಕಲು 3.6 ಎಂಬಿ, ಒಟ್ಟು 306 ಎಂಬಿ. 54 ಜಿಬಿಯ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಕಣ್ಣಿಗೆ ಕಂಡ ತಪ್ಪಿಗೂ ಹೊತ್ತು ತಿನ್ನುವ ತಪ್ಪಿಗೂ ಇರುವ ಅಂತರ ಇಷ್ಟು. ಹಾಗಿದ್ದರೂ ಇದನ್ನು ತೆಗೆಯಬೇಕಾಗಿತ್ತು, ಕಾರಣ ಮುಂದೆ ಪುಟವನ್ನು ಹರಿಬಿಡುವ, ಅಂದರೆ ಕಟ್ಟಿದಷ್ಟನ್ನು ಆಗಲೇ ಕಳಿಸುವ ಕೆಲಸ ಇತ್ತು. ಮೊತ್ತಗಳನ್ನು ಈಗ ಊರುವಾರು ಗುಂಪು ಮಾಡಿದ ಪ್ರತ್ಯೇಕ ಕ್ವೆರಿಯಿಂದ ಮೊದಲೇ ತರುತ್ತದೆ.

ಇದರಿಂದ ಇನ್ನೊಂದು ಲಾಭವಾಯಿತು. ಮೊದಲು ತೂಕವನ್ನು ಟನ್‌ನಲ್ಲಿ, ದಶಮಾಂಶ ಸಂಖ್ಯೆಯಾಗಿ ಪಿಎಚ್‌ಪಿ ಕೂಡಿಸುತ್ತಿತ್ತು. ಫ್ಲೋಟ್‌ಗಳನ್ನು (ಅಂದಾಜಾಗಿ ಇಡುವ ಇಂಥ ಸಂಖ್ಯೆಗಳನ್ನು) ಸಾವಿರಾರು ಸಲ ಕೂಡಿದರೆ ಕೊನೆಯ ಅಂಕಿ ಅಲುಗಾಡಬಹುದು. ಅಂಕಿಗಳನ್ನು ಇದ್ದಂತೆಯೇ ಇಡುವ ಡೆಸಿಮಲ್ ಕಾಲಂ ಅನ್ನು ಮೈಎಸ್‌ಕ್ಯೂಎಲ್ ಕೂಡಿದರೆ ಮೊತ್ತ ಕರಾರುವಾಕ್ಕಾಗಿರುತ್ತದೆ. ಕಬ್ಬಿನ ಬಿಲ್ಲಿನಲ್ಲಿ ಒಂದು ಕೆಜಿ ವ್ಯತ್ಯಾಸ ಬಂದರೂ ಉತ್ತರ ಹೇಳಬೇಕಾಗುತ್ತದೆ.

ಅರೇ ಮತ್ತು ಇಂಪ್ಲೋಡ್ ಬಗ್ಗೆ

ತುಂಡುಗಳನ್ನು ಅರೇಯಲ್ಲಿ (ಮೌಲ್ಯಗಳ ಪಟ್ಟಿಯಲ್ಲಿ) ಕೂಡಿಹಾಕಿ ಕೊನೆಗೆ ಇಂಪ್ಲೋಡ್ ಮಾಡಬೇಕು, ಅಂದರೆ ಒಮ್ಮೆಗೇ ಜೋಡಿಸಬೇಕು ಎಂಬ ಸಲಹೆ ಬೇರೆ ಭಾಷೆಗಳಿಂದ ಬಂದದ್ದು. ಸ್ಟ್ರಿಂಗ್ ಬದಲಾಗದ ಭಾಷೆಗಳಲ್ಲಿ, ಉದಾಹರಣೆಗೆ ಹಳೆಯ ಎಎಸ್‌ಪಿ ಪುಟಗಳ ವಿಬಿಸ್ಕ್ರಿಪ್ಟ್‌ನಲ್ಲಿ, ಪ್ರತಿ ಜೋಡಣೆಯೂ ಪೂರ್ತಿ ನಕಲು ಆದ್ದರಿಂದ ಅಲ್ಲಿ ಅದು ಸರಿಯಾದ ಮದ್ದು. ಪಿಎಚ್‌ಪಿಯಲ್ಲಿ ಒಬ್ಬರೇ ಹಿಡಿದ ಸ್ಟ್ರಿಂಗ್‌ಗೆ `.=` ಮಾಡಿದರೆ ಇಂಪ್ಲೋಡ್‌ನಿಂದ ಹೇಳಿಕೊಳ್ಳುವ ವೇಗ ಸಿಗುವುದಿಲ್ಲ, ಮೆಮೊರಿ ಮಾತ್ರ ಹೆಚ್ಚು ಬೇಕು. 480 ಬೈಟ್‌ನ ಒಂದು ಸಾಲು ತಲೆಭಾಗ ಸೇರಿ, ನಿಗದಿತ ಅಳತೆಗೆ ಏರಿ, 512 ಬೈಟ್ ಹಿಡಿಯುತ್ತದೆ. 15,000 ಸಾಲಿಗೆ 7.68 ಎಂಬಿ. 8.1ರಲ್ಲಿ ಅರೇಯ ಒಂದು ಜಾಗಕ್ಕೆ 32 ಬೈಟ್‌ನಂತೆ 16,384 ಜಾಗಕ್ಕೆ ಅರ್ಧ ಎಂಬಿ. ಕೊನೆಗೆ ಕಟ್ಟುವ ಸ್ಟ್ರಿಂಗ್ 7.2 ಎಂಬಿ. ಎಲ್ಲ ಸೇರಿ 15 ಎಂಬಿ ದಾಟುತ್ತದೆ. ತುಂಡುಗಳ ನಡುವೆ ಅಲ್ಪವಿರಾಮ ಬೇಕಾದ ಕಡೆ ಇಂಪ್ಲೋಡ್ ಬಹಳ ಅನುಕೂಲ, ಅಲ್ಲಿ ಬಳಸಬೇಕು.

ಒಂಟಿ ಉದ್ಧರಣ ಚಿಹ್ನೆ ವೇಗ, ಜೋಡಿ ಚಿಹ್ನೆ ನಿಧಾನ ಎಂಬ ಮಾತಿಗೂ ಹೊತ್ತು ಕೊಡಬೇಕಾಗಿಲ್ಲ. ಪಿಎಚ್‌ಪಿ 7.0ರಿಂದ ಜೋಡಿ ಚಿಹ್ನೆಯೊಳಗಿನ ವೇರಿಯಬಲ್‌ಗಳನ್ನೆಲ್ಲ ಕೂಡಿಸಿ, ಉದ್ದ ಲೆಕ್ಕ ಹಾಕಿ, ಒಂದೇ ಸಲ ಜಾಗ ಪಡೆದು ಕಟ್ಟುತ್ತದೆ. ಸಾಲು ಫಂಕ್ಷನ್‌ನಲ್ಲಿ ಒಂಬತ್ತು `.=` ಬದಲು ಈಗ ಒಂದೇ ಜೋಡಿ ಚಿಹ್ನೆಯ ಸ್ಟ್ರಿಂಗ್ ಇದೆ, ಓದಲು ಚೆಂದ ಎಂಬ ಕಾರಣಕ್ಕೆ.

ಕನ್ನಡ ಅಂಕಿ, ಕನ್ನಡ ಹೆಸರು

ಇಲ್ಲಿಯವರೆಗಿನ ರಿಪೇರಿ ಯಾವ ಭಾಷೆಯ ಪುಟಕ್ಕೂ ಒಂದೇ. ಇನ್ನು ಕನ್ನಡ ಪುಟಕ್ಕೇ ಸೇರಿದ್ದು.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಬಾಗಲಕೋಟೆ’ ಎಂಬುದು ಕಣ್ಣಿಗೆ ಐದು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಎಂಟು ಚಿಹ್ನೆ, ಬೈಟ್ ಲೆಕ್ಕದಲ್ಲಿ 24. ‘ಮಹಾಲಿಂಗಪುರ’ 30 ಬೈಟ್. ಪಿಎಚ್‌ಪಿಯ ಸಾಮಾನ್ಯ ಸ್ಟ್ರಿಂಗ್ ಫಂಕ್ಷನ್‌ಗಳು ಎಣಿಸುವುದು ಬೈಟ್‌ಗಳನ್ನು.

ತೂಕ, ತಾರೀಖುಗಳನ್ನು ಕನ್ನಡ ಅಂಕಿಗೆ ಬದಲಿಸುವ ಫಂಕ್ಷನ್ ಎಂಬಿ_ಸಬ್‌ಎಸ್‌ಟಿಆರ್ ಬಳಸಿ ಒಂದೊಂದೇ ಚಿಹ್ನೆ ತೆಗೆಯುತ್ತಿತ್ತು. ಯುಟಿಎಫ್-8ರಲ್ಲಿ ನೂರನೇ ಚಿಹ್ನೆ ಎಲ್ಲಿದೆ ಎಂದು ತಿಳಿಯಲು ಮೊದಲಿನಿಂದ ಎಣಿಸುತ್ತಾ ಹೋಗಬೇಕು. ಚಿಕ್ಕ ತೂಕಕ್ಕೆ ಇದು ತೊಂದರೆ ಅಲ್ಲ, ಉದ್ದ ಷರಾ ಇದ್ದರೆ ಮತ್ತೆ ಅದೇ ನಾಲ್ಕು ಪಟ್ಟಿನ ಕಥೆ. ಹತ್ತು ಅಂಕಿಗಳ ನಕ್ಷೆಯನ್ನು ಒಂದು ಅರೇಯಲ್ಲಿಟ್ಟು ಎಸ್‌ಟಿಆರ್‌ಟಿಆರ್‌ಗೆ ಕೊಟ್ಟರೆ ಒಂದೇ ಓಟದಲ್ಲಿ ಮುಗಿಯುತ್ತದೆ.

ಬದಲಿಸುವ ಕ್ರಮದಲ್ಲಿ ಒಂದು ಬಲೆ ಇದೆ. ವಿಶೇಷ ಚಿಹ್ನೆಗಳನ್ನು ಎಸ್ಕೇಪ್ ಮಾಡುವ, ಅಂದರೆ ಪುಟಕ್ಕೆ ಸುರಕ್ಷಿತ ರೂಪದಲ್ಲಿ ಬರೆಯುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ 8.1ರಲ್ಲಿ ಒಂಟಿ ಉದ್ಧರಣ ಚಿಹ್ನೆಯನ್ನು (') `'` ಎಂದು ಬರೆಯುತ್ತದೆ. ಅದಾದ ಮೇಲೆ ಅಂಕಿ ಬದಲಿಸಿದರೆ ಅದು `&#೦೩೯;` ಆಗಿ ಪುಟದ ಮೇಲೆ ಹಾಗೆಯೇ ಕಾಣುತ್ತದೆ. ಇಡೀ ಪುಟ ಕಟ್ಟಿ ಕೊನೆಗೆ ಒಮ್ಮೆಗೇ ಅಂಕಿ ಬದಲಿಸುತ್ತೇವೆ ಎಂದರೆ ಟ್ಯಾಗ್‌ಗಳ ಒಳಗಿನ ಅಳತೆಗಳೂ ಕನ್ನಡವಾಗಿ ಟೇಬಲ್ ಒಡೆಯುತ್ತದೆ. ಒಂದೊಂದು ಮೌಲ್ಯಕ್ಕೂ ಮೊದಲು ಅಂಕಿ, ಆಮೇಲೆ ಎಸ್ಕೇಪ್. ಲಕ್ಷದ ಅಲ್ಪವಿರಾಮ ಬೇಕಿದ್ದರೆ ನಂಬರ್_ಫಾರ್ಮ್ಯಾಟ್ ಆಗುವುದಿಲ್ಲ, ಅದು ಮೂರು ಮೂರು ಅಂಕಿಗೇ ಕತ್ತರಿಸುತ್ತದೆ. ಇಂಟ್ಲ್ ಎಕ್ಸ್‌ಟೆನ್ಷನ್‌ನ ನಂಬರ್‌ಫಾರ್ಮ್ಯಾಟರ್‌ಗೆ ಭಾರತದ ಇಂಗ್ಲಿಷ್ ಲೊಕೇಲ್ ಕೊಟ್ಟು, ಲೂಪಿನ ಹೊರಗೆ ಒಂದೇ ಸಲ ಹುಟ್ಟಿಸಿಕೊಳ್ಳಬೇಕು.

ಹೆಸರಿನ ಕಾಲಂ ಅಗಲ ಉಳಿಸಲು 20ಕ್ಕೆ ಕತ್ತರಿಸುತ್ತಿದ್ದರು. ‘ಮಲ್ಲಿಕಾರ್ಜುನ’ 36 ಬೈಟ್. 20 ಬೈಟ್‌ಗೆ ಕತ್ತರಿಸಿದರೆ ‘ಮಲ್ಲಿಕ’ ಆಗಿ, ಮುಂದಿನ ದೀರ್ಘದ ಮೂರು ಬೈಟ್‌ನಲ್ಲಿ ಎರಡು ಮಾತ್ರ ಉಳಿಯುತ್ತವೆ. ಆ ಮುರಿದ ತುಂಡನ್ನು 8.1 ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಯಾಗಿ ತೋರಿಸುತ್ತದೆ. ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಹೆಸರನ್ನೇ ಖಾಲಿ ಮಾಡುತ್ತಿತ್ತು. ಈಗ ಸರ್ವರ್‌ನಲ್ಲಿ ಹೆಸರು ಕತ್ತರಿಸುವುದೇ ಇಲ್ಲ, ಅಗಲದ ಕೆಲಸವನ್ನು ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ರೈತರ ಹೆಸರು ಪೂರ್ತಿ ಇರಬೇಕು.

ಹರಿಬಿಡುವುದು

ಹೊತ್ತು ನೇರ ಲೆಕ್ಕಕ್ಕೆ ಬಂದ ಮೇಲೂ ಮೆಮೊರಿಯ ಪ್ರಶ್ನೆ ಉಳಿದಿತ್ತು. ಒಂಬತ್ತು ಕಾಲಂನ ಒಂದು ಸಾಲು ಅರೇಯಾಗಿ ಬಂದರೆ, ಜಾಗ ಹದಿನಾರಕ್ಕೆ ಏರುವುದರಿಂದ, ಮೌಲ್ಯಗಳೂ ಸೇರಿ ಸುಮಾರು 1 ಕೆಬಿ ಹಿಡಿಯುತ್ತದೆ. ಎಲ್ಲ ಸಾಲನ್ನೂ ಒಮ್ಮೆಗೇ ತಂದರೆ 15 ಎಂಬಿ, ಮೇಲೆ ಪುಟದ 7.2 ಎಂಬಿ, ಡೇಟಾಬೇಸ್ ಡ್ರೈವರ್ ಇಟ್ಟುಕೊಳ್ಳುವ ಪ್ರತಿ ಬೇರೆ. 128 ಎಂಬಿ ಮಿತಿಗೆ ಒಂದು ಕೋರಿಕೆ ಸಾಕಷ್ಟು ಒಳಗಿದೆ, ಆದರೆ ಬಿಲ್ಲಿನ ದಿನ ಹತ್ತು ಮಂದಿ ಒಟ್ಟಿಗೆ ತೆರೆಯುತ್ತಾರೆ.

ಹಾಗಾಗಿ $ಪುಟವನ್ನೇ ತೆಗೆದು, ಸಾಲು ಕಟ್ಟಿದ ಕೂಡಲೇ ಎಕೋ ಮಾಡುವಂತೆ (ಹೊರಗೆ ಕಳಿಸುವಂತೆ) ಬರೆದಿದೆ. ಪಿಡಿಒದಲ್ಲಿ (ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ದಾರಿ) ಬಫರ್ ಮಾಡಿದ, ಅಂದರೆ ಎಲ್ಲ ಸಾಲನ್ನೂ ಮೊದಲೇ ತಂದಿಡುವ ಕ್ವೆರಿಯನ್ನು ಬಂದ್ ಮಾಡಿ ಒಂದೊಂದೇ ಸಾಲು ಎಳೆದುಕೊಳ್ಳಬೇಕು. ಬಫರ್ ಇಲ್ಲದ ಕ್ವೆರಿ ತೆರೆದಿರುವಾಗ ಅದೇ ಸಂಪರ್ಕದಲ್ಲಿ ಇನ್ನೊಂದು ಕ್ವೆರಿ ಓಡಿಸಿದರೆ 2014ನೇ ನಂಬರಿನ ದೋಷ ಬರುತ್ತದೆ. ಊರಿನ ಮೊತ್ತದ ಕ್ವೆರಿಯನ್ನು ಮೊದಲೇ ಪೂರ್ತಿ ಓದಿ ಮುಗಿಸಿದ್ದಕ್ಕೆ ಇದೂ ಕಾರಣ. ಪಿಎಚ್‌ಪಿಯ ಔಟ್‌ಪುಟ್ ಬಫರಿಂಗ್ 4096 ಬೈಟ್ ಇದೆ, ಅಷ್ಟು ಸಾಕು. ಇಡೀ ಪುಟವನ್ನು ಒಬಿ_ಸ್ಟಾರ್ಟ್‌ನಲ್ಲಿ ಸುತ್ತಿ ಕೊನೆಗೆ ಸ್ಟ್ರಿಂಗ್ ಆಗಿ ಪಡೆದರೆ ಉಳಿಸಿದ ಮೆಮೊರಿ ಮತ್ತೆ ಹೋಗುತ್ತದೆ.

ಹರಿಬಿಟ್ಟ ಪುಟಕ್ಕೆ ಒಂದು ಅಪಾಯ ಇದೆ. ಅರ್ಧ ಹೋದ ಮೇಲೆ ದೋಷ ಬಂದರೆ ಬ್ರೌಸರ್‌ಗೆ 200 (ಎಲ್ಲ ಸರಿ) ಎಂದು ಹೇಳಿ ಆಗಿರುತ್ತದೆ, ಅರ್ಧ ಪಟ್ಟಿಯನ್ನೇ ಪೂರ್ತಿ ಎಂದು ಯಾರಾದರೂ ಪ್ರಿಂಟ್ ತೆಗೆಯಬಹುದು. ಅದಕ್ಕಾಗಿ ಕೊನೆಯಲ್ಲಿ ‘ಪಟ್ಟಿ ಮುಗಿಯಿತು, ಒಟ್ಟು ಚೀಟಿ ಇಷ್ಟು’ ಎಂಬ ಸಾಲು ಇದೆ, ಮೇಲ್ಭಾಗದಲ್ಲೂ ಅದೇ ಸಂಖ್ಯೆ ಇದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಪ್ರಿಂಟನ್ನು ಒಪ್ಪಬಾರದು ಎಂದು ವಿಭಾಗದವರಿಗೆ ತಿಳಿಸಿದೆ. ಟೇಬಲ್‌ನ ಕಾಲಂ ಅಗಲಗಳನ್ನು ಸ್ಥಿರ ಮಾಡಿದ್ದರಿಂದ ಬ್ರೌಸರ್ ಕೊನೆಯ ಸಾಲಿಗೆ ಕಾಯದೆ ಜೋಡಿಸಿಕೊಳ್ಳುತ್ತದೆ.

ತಾಳೆ ನೋಡಿದ್ದು ಹೀಗೆ: ಹಳೆಯ ಕೋಡ್ ಇನ್ನೂ ಓಡುವ 2,500 ಸಾಲಿಗೆ ಎರಡೂ ಪುಟಗಳನ್ನು ಫೈಲ್‌ಗೆ ಬರೆದು ಬೈಟ್ ಬೈಟ್ ಹೋಲಿಸಿ, ಮೊತ್ತಗಳ ಜಾಗ, ಕೊನೆಯ ಸಾಲು, ಪೂರ್ತಿ ಬಂದ ಹೆಸರುಗಳು ಇಷ್ಟೇ ಬೇರೆ ಎಂದು ಖಚಿತ ಮಾಡಿಕೊಂಡದ್ದು. ಆಮೇಲೆ 2,500, 5,000, 10,000, 15,000 ಸಾಲಿಗೆ ಗರಿಷ್ಠ ಮೆಮೊರಿ ನೋಡಬೇಕು. ಆ ಗರಿಷ್ಠದ ಲೆಕ್ಕವನ್ನು ಮತ್ತೆ ಹೊಸದಾಗಿ ಶುರು ಮಾಡುವ ಫಂಕ್ಷನ್ 8.2ರಲ್ಲಿ ಬಂದದ್ದು, 8.1ರಲ್ಲಿ ಪ್ರತಿ ಅಳತೆಗೂ ಹೊಸ ಪ್ರಕ್ರಿಯೆ ಬೇಕು. ನಾಲ್ಕೂ ಅಳತೆಯಲ್ಲಿ ಮೆಮೊರಿ ಒಂದೇ ಮಟ್ಟದಲ್ಲಿ ನಿಲ್ಲಬೇಕು, ನಿಂತಿದೆ. ಏರಿಸಿಟ್ಟಿದ್ದ ಎರಡೂ ಸಮಯದ ಮಿತಿಗಳನ್ನು ಮೊದಲಿನ 30 ಮತ್ತು 60ಕ್ಕೆ ಇಳಿಸಿದೆ.